ಓಣಿ ತುದಿಯಿಂದ ಕರೆದ ಹೆಸರು

ಕಾರಣ ಇಲ್ಲದೆ ಯಾರಾದರೂ ಬಾಡಿಗೆ ಮನೆ ಹಿಡೀತಾರೇನ್ರಿ? ಭಾನುವಳ್ಳಿಯವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಮಕ್ಕಳ ಶಾಲೆಗೆ ಅಂತ ದಾವಣಗೆರೆಯಲ್ಲಿ ಮನೆ ಮಾಡಿದರೆ ಊರು ಒಪ್ಪುತ್ತದೆ. ಆಸ್ಪತ್ರೆಗೆ ಹತ್ತಿರ ಆಗಲಿ ಅಂತ ಮಾಡಿದರೂ ಒಪ್ಪುತ್ತದೆ. ಅಣ್ಣತಮ್ಮಂದಿರು ಜಗಳಾಡಿ, ಪಾತ್ರೆ ಪಗಡ ಹಂಚಿಕೊಂಡು ಬೇರೆ ಹೋದರಂತೂ ಕಟ್ಟೆ ಮೇಲೆ ಕೂತವರಿಗೆ ಒಂದು ತಿಂಗಳಿಗಾಗುವಷ್ಟು ಮಾತು ಸಿಗುತ್ತದೆ. ಆದರೆ ಉಂಡುಟ್ಟು ಚೆನ್ನಾಗಿರುವ ಗಂಡ ಹೆಂಡತಿ, ಅದೂ ಮೊಮ್ಮಗುವನ್ನು ಎತ್ತಿ ಆಡಿಸಿದವರು, ಅಷ್ಟು ದೊಡ್ಡ ಮನೆ ಬಿಟ್ಟು ಪ್ಯಾಟೆಯಲ್ಲಿ ಒಂದೇ ಬೆಡ್‌ರೂಮಿನ ಫ್ಲ್ಯಾಟು ಬೇಕು ಅಂದರೆ? ಒಳಗೆ ಏನೋ ಐತೆ ಅಂತಲೇ ಲೆಕ್ಕ.

ಏನೂ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಇತ್ತು. ಆದರೆ ಅದನ್ನು ಶಾಂತಕುಮಾರಿ ಯಾರ ಮುಂದೆ ಅಂತ ಬಾಯಿ ಬಿಟ್ಟಾಳು?

ಶುರುವಾಗಿದ್ದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಡೆದ ಒಂದು ನಿಶ್ಚಿತಾರ್ಥದಿಂದ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಶಾಂತಕುಮಾರಿ ಮತ್ತು ಆಕೆಯ ಗಂಡ ಕೊಟ್ರೇಶಪ್ಪ ಬಸ್ ಸ್ಟ್ಯಾಂಡಿಗೆ ಅಂತ ಆಟೋ ಹತ್ತಿದರು. ಆಟೋ ತಿರುಗುವ ಹೊತ್ತಿಗೆ ಶಾಂತಕುಮಾರಿಗೆ ಏನನ್ನಿಸಿತೋ, "ರೀ, ಹಳೇ ಓಣಿ ಕಡೀಂದ ಹೋಗಾನ?" ಅಂದಳು. ಕೊಟ್ರೇಶಪ್ಪ ಗಡಿಯಾರ ನೋಡಿದ, ಹೆಂಡತಿ ಮುಖ ನೋಡಿದ, "ಹೋಗಪ್ಪ ಆ ಕಡೀಂದನೇ" ಅಂತ ಡ್ರೈವರ್‌ಗೆ ಹೇಳಿದ.

ಹಳೇ ಓಣಿ ಅಂದರೆ ಮಂಡಕ್ಕಿ ಭಟ್ಟಿಗಳ ಪಕ್ಕದ ಓಣಿ. ಮದುವೆಯಾದ ಹೊಸದರಲ್ಲಿ ಕೊಟ್ರೇಶ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ. ಆಗ ಆ ಓಣಿಯ ಗಿಡ್ಡಪ್ಪನ ವಠಾರದಲ್ಲಿ ಇಬ್ಬರೂ ಒಂದು ಕೋಣೆ ಹಿಡಿದಿದ್ದರು. ಒಂದೇ ಕೋಣೆ, ನಡುವೆ ಹಳೇ ಸೀರೆಯ ಪರದೆ. ಪರದೆಯ ಈ ಕಡೆ ಸ್ಟೌ, ಆ ಕಡೆ ಹಾಸಿಗೆ. ವಠಾರಕ್ಕೆಲ್ಲ ಒಂದು ನಲ್ಲಿ. ಒಣಗಲು ಹಾಕಿದ ಬಿಳೇ ಪಂಚೆ ಸಂಜೆಗೆ ಭಟ್ಟಿಯ ಹೊಗೆ ಕುಡಿದು ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಸುಖ ಅನ್ನಲು ಅಲ್ಲಿ ಏನೂ ಇರಲಿಲ್ಲ ನೋಡಿ. ಆದರೂ ಶಾಂತಕುಮಾರಿಗೆ ತನ್ನ ಜೀವನದಲ್ಲಿ ಸುಖ ಅಂದರೆ ನೆನಪಾಗುವುದು ಆ ಕೋಣೆಯೇ.

ವರ್ಷ ತುಂಬುವುದರೊಳಗೆ ಮಾವ ತೀರಿಕೊಂಡರು. ಕೊಟ್ರೇಶ ಹಿರೀ ಮಗ. ಊರಲ್ಲಿ ಕಾಲುವೆ ನೀರಿನ ಗದ್ದೆ, ಒಂದು ಕಿರಾಣಿ ಅಂಗಡಿ, ಮದುವೆಗೆ ಬಂದ ತಂಗಿಯರು. "ಎಲ್ಲ ಒಂದು ದಾರಿಗೆ ಹಚ್ಚಿ ಬರ್ತೀವಿ, ಕೋಣೆ ಯಾರಿಗೂ ಕೊಡಬ್ಯಾಡ್ರಿ" ಅಂತ ಗಿಡ್ಡಪ್ಪನಿಗೆ ಹೇಳಿ ಬೀಗ ಹಾಕಿ ಬಂದರು. ದಾರಿಗೆ ಹಚ್ಚುವುದು ಅಂದರೆ ಮುಗಿಯುವ ಕೆಲಸವೇ? ತಂಗಿಯರ ಮದುವೆ, ಬಾಣಂತನ, ಮಗ ಬಕ್ಕೇಶನ ಓದು, ಅವನ ಮದುವೆ. ಅಷ್ಟರಲ್ಲಿ ಮಿಲ್ಲೂ ಬಾಗಿಲು ಹಾಕಿತ್ತು, ಗಿಡ್ಡಪ್ಪನೂ ಹೋಗಿದ್ದ.

ಆಟೋ ನಿಂತಾಗ ಶಾಂತಕುಮಾರಿಗೆ ಮೊದಲು ಇದು ಆ ಓಣಿಯೇ ಅಲ್ಲ ಅನ್ನಿಸಿತು. ಕಾಂಕ್ರೀಟು ರಸ್ತೆ, ಎರಡೂ ಕಡೆ ಬಣ್ಣದ ಕಲ್ಲು ಹಾಸಿದ ಫುಟ್‌ಪಾತು, ಹಗಲೇ ಉರಿಯುತ್ತಿದ್ದ ದೀಪದ ಕಂಬ. ವಠಾರ ಇದ್ದ ಕಡೆ ಐದಂತಸ್ತಿನ ಕಟ್ಟಡ. ಗೇಟಿನ ಮೇಲೆ 'ಸಿರಿ ರೆಸಿಡೆನ್ಸಿ' ಅಂತ ಹೊಳೆಯುವ ಅಕ್ಷರ, ಕೆಳಗೆ 'ಒನ್ ಬಿಎಚ್‌ಕೆ ಬಾಡಿಗೆಗೆ ಇದೆ' ಅನ್ನೋ ಬೋರ್ಡು.

"ಎಲ್ಲ ಹೋಗೈತಲ್ರೀ" ಅಂದಳು.

ಗೇಟಿನ ಪಕ್ಕ ಮಂಡಕ್ಕಿ ಮಿರ್ಚಿ ಅಂಗಡಿ. ಬಾಣಲೆ ಮುಂದೆ ನಿಂತವನು ಇಬ್ಬರನ್ನೂ ನೋಡೇ ನೋಡಿದ. "ಮನಿ ನೋಡಾಕ ಬಂದ್ರಾ? ಬಾಡಿಗಿ ವ್ಯವಹಾರ ಎಲ್ಲ ನಂದೇ" ಅಂದ.

"ಮನಿ ಅಲ್ಲಪ್ಪ. ಇಲ್ಲಿ ಮೊದ್ಲು ವಠಾರ ಇತ್ತಲ್ಲ, ಅದ್ರಾಗ ಇದ್ವಿ ನಾವು. ಮಿಲ್ಲಿನ ಗುಮಾಸ್ತ..." ಅಂತ ಕೊಟ್ರೇಶಪ್ಪ ಹೇಳುತ್ತಿದ್ದಂತೆ ಅವನು ಜಾಲರಿ ಸೌಟು ಕೆಳಗಿಟ್ಟುಬಿಟ್ಟ.

"ಯಾ ಅಲ್ಲಾ! ಶಾಂತಕ್ಕ ಅಲ್ರಿ ಇವ್ರು? ನಾನು ರಿಯಾಜ್ ರೀ! ಭಟ್ಟಿ ಮನಿಯವ್ನು! ಅಣ್ಣಾರ, ನೀವು ಮಿಲ್ಲಿಂದ ಬರೋವಾಗ ಓಣಿ ತುದಿಯಿಂದ್ಲೇ 'ಶಾಂತಾ...' ಅಂತ ಕೂಗ್ತಿದ್ರಲ್ಲ! ನಮ್ ಅಮ್ಮೀ ಈಗ್ಲೂ ಅದನ್ನ ಮಾಡಿ ತೋರ್ಸಿ ನಗ್ತಾಳ್ರಿ. ಆ ಕೂಗು ಕೇಳಿದ್ಮ್ಯಾಲೇ ನಾವು ಭಟ್ಟಿ ಆರ್ಸೋದು!"

ಕೊಟ್ರೇಶಪ್ಪನ ಕಿವಿ ಕೆಂಪಾದವು. ಅರವತ್ತು ದಾಟಿದ ಮನುಷ್ಯ, ಊರಿನ ಸೊಸೈಟಿಯಲ್ಲಿ ಡೈರೆಕ್ಟರು, ಅಂಥವನು ಪಂಚೆ ತುದಿ ಕೊಡವುತ್ತಾ ಆಕಾಶ ನೋಡತೊಡಗಿದ. ಶಾಂತಕುಮಾರಿ ಮಾತ್ರ ನಿಂತಲ್ಲೇ ನಿಂತಳು. ತನ್ನ ಹೆಸರು ಆ ಥರ ಎಳೆದು ಕರೆದಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತು!

ರಿಯಾಜ್ ಬಿಡಲಿಲ್ಲ. "ಬಂದೀರಿ, ಒಂದ್ಸಲ ಮ್ಯಾಲೆ ನೋಡ್ಕೊಂಡ್ ಹೋಗ್ರಿ. ನಿಮ್ಮ ಮನಿ ಇದ್ದ ಜಾಗದ ಸರಿಯಾಗಿ ಮ್ಯಾಲೇ ಐತೆ" ಅಂತ ಲಿಫ್ಟಿಗೆ ಹತ್ತಿಸಿದ. ಹಾಲು, ಅಂಗೈಯಗಲದ ಅಡುಗೆಮನೆ, ಬೆಡ್‌ರೂಮು. ಶಾಂತಕುಮಾರಿ ಬೆಡ್‌ರೂಮಿನ ಬಾಗಿಲ ಚಿಲಕ ಹಾಕಿ ನೋಡಿದಳು, ತೆಗೆದು ನೋಡಿದಳು. ಬಾಗಿಲು ಇರುವ ಕೋಣೆ! ಭಾನುವಳ್ಳಿಯ ಮನೆಯಲ್ಲಿ ಬಾಗಿಲಿಗೇನು ಬರಗಾಲವಿಲ್ಲ. ಹಗಲು ಹೊತ್ತು ಒಂದನ್ನು ಮುಂದಕ್ಕೆ ಮಾಡಿ ನೋಡಲಿ, "ಯಾಕ, ಯಾರಿಗೆ ಹುಷಾರಿಲ್ಲ?" ಅಂತ ಮೂರು ಕಡೆಯಿಂದ ಕೇಳುತ್ತಾರೆ.

ಆಮೇಲೆ ಬಾಲ್ಕನಿಗೆ ಬಂದಳು. ಕಾಂಕ್ರೀಟು ಹಾಕಿದವರು ಎಲ್ಲ ಬದಲಾಯಿಸಿದ್ದರು, ಓಣಿಯ ತಿರುವನ್ನು ಮಾತ್ರ ಬದಲಾಯಿಸಲು ಆಗಿರಲಿಲ್ಲ. ಅದೇ ತಿರುವು. ಮಿಲ್ಲಿನ ಸೈರನ್ ಕೂಗಿ ಸ್ವಲ್ಪ ಹೊತ್ತಿಗೆ ಅಲ್ಲಿ ಸೈಕಲ್ಲು ಕಾಣುತ್ತಿತ್ತು. ಹೊಗೆಯಲ್ಲಿ ಮುಖ ಕಾಣದು, ಮಂಡಕ್ಕಿ ಸಿಡಿಯುವ ಚಟಪಟ ಸದ್ದಿನಲ್ಲಿ ಬೆಲ್ಲು ಕೇಳದು. ಅದಕ್ಕೇ ಕೂಗುತ್ತಿದ್ದ. "ಶಾಂತಾ..." ಅಂದರೆ ಟೀ ಇಡು ಅಂತ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗೋರು. ಆಕೆ ಸಿಟ್ಟು ಬಂದವಳ ಹಾಗೆ ಮುಖ ಮಾಡಿಕೊಂಡು ಸ್ಟೌ ಪಂಪು ಹೊಡೆಯುವಳು. ಎಲ್ಲಿಯ ಸಿಟ್ಟು! ಮಧ್ಯಾಹ್ನದಿಂದ ಆ ಕೂಗಿಗೇ ಕಿವಿ ಕೊಟ್ಟು ಕೂತಿರುತ್ತಿದ್ದಳು.

ಊರಿಗೆ ಹೋದ ಹೊಸದರಲ್ಲಿ ಒಂದು ದಿನ ಕೊಟ್ರೇಶ ಹಿತ್ತಲಿಂದ ಅದೇ ಅಭ್ಯಾಸದಲ್ಲಿ "ಶಾಂತಾ" ಅಂದುಬಿಟ್ಟ. ಮನೆ ತುಂಬ ಸೂತಕಕ್ಕೆ ಬಂದ ನೆಂಟರು. ಅತ್ತೆ ಉಚ್ಚೆಂಗೆಮ್ಮ, "ಹೆಂಡ್ತಿ ಹೆಸ್ರು ಊರಿಗೆಲ್ಲ ಡಂಗುರ ಹೊಡೀತೀಯೇನೋ? ಪ್ಯಾಟಿ ಚಾಳಿ ಪ್ಯಾಟ್ಯಾಗೇ ಬಿಟ್ಟು ಬಾ" ಅಂದರು. ನೆಂಟರು ನಕ್ಕರು. ಮುಗಿಯಿತು. ಅವತ್ತಿನಿಂದ ಕೊಟ್ರೇಶ ಹೆಂಡತಿಯನ್ನು "ಏ, ಕೇಳ್ತೇನು" ಅಂದ. ಮಗ ಹುಟ್ಟಿದ ಮೇಲೆ "ಬಕ್ಕೇಶನ ಅವ್ವ" ಅಂದ. ತೌರಲ್ಲಿ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋದರು. ಈಗ ಆಕೆ ಅತ್ತಿ, ಅಜ್ಜಿ, ದೊಡ್ಡವ್ವ, ಕೊಟ್ರೇಶಣ್ಣನ ಮನಿಯಾಕಿ. ಒಮ್ಮೆ ಬ್ಯಾಂಕಿನಲ್ಲಿ ಕ್ಲರ್ಕು "ಶಾಂತಕುಮಾರಿ, ಶಾಂತಕುಮಾರಿ" ಅಂತ ಮತ್ತೆ ಮತ್ತೆ ಕೂಗಿದರೂ ಆಕೆ ಯಾರೋ ಇರಬೇಕು ಅಂತ ಸುಮ್ಮನೆ ಕೂತಿದ್ದಳು. ಸೊಸೆ ಅಂಕಿತಾ ತೋಳು ಮುಟ್ಟಿ ಎಬ್ಬಿಸಿದ್ದಳು.

ಆ ಅಂಕಿತಾಳನ್ನು ನೋಡಿ. ಬಕ್ಕೇಶ ಬೆಳಗ್ಗೆ ಎದ್ದರೆ "ಅಂಕೀ ಟವಲ್ಲು", "ಅಂಕೀ ಚಾರ್ಜರ್ ಎಲ್ಲಿ" ಅಂತ ಮನೆಯೆಲ್ಲ ಹೆಸರು ಚೆಲ್ಲುತ್ತಾ ಓಡಾಡುತ್ತಾನೆ. ಉಚ್ಚೆಂಗೆಮ್ಮನೂ ಏನೂ ಅನ್ನುವುದಿಲ್ಲ, ಕಾಲ ಹಾಗಿದೆ. ಶಾಂತಕುಮಾರಿಗೆ ಸೊಸೆ ಮೇಲೆ ಹೊಟ್ಟೆಕಿಚ್ಚಿಲ್ಲ. ಸುಳ್ಳು ಯಾಕೆ, ಸ್ವಲ್ಪ ಇದೆ.

"ನನಗ ಈ ಮನಿ ಬೇಕು" ಅಂದಳು ಬಾಲ್ಕನಿಯಲ್ಲಿ ನಿಂತು.

"ಯಾತಕ್ಕ?" ಅಂದ ಕೊಟ್ರೇಶಪ್ಪ.

"ಬೇಕು. ಅಷ್ಟೇ. ಇಲ್ಲಿ ಇಬ್ರೇ ಇರಾನ. ಹಬ್ಬಕ್ಕ ಹುಣ್ಣಿವಿಗೆ ಊರಿಗೆ ಹೋದ್ರಾತು." ಇಷ್ಟು ವರ್ಷದಲ್ಲಿ ಆಕೆ ತನಗೆ ಅಂತ ಏನನ್ನೂ ಕೇಳಿದವಳಲ್ಲ. ನೀವು ಸಂಜೆ ಹೊರಗಡೆಯಿಂದ ಬರೋವಾಗ ಆ ತಿರುವಿನಿಂದ ನನ್ನ ಹೆಸರು ಕೂಗಬೇಕು, ಅದಕ್ಕೆ ಈ ಮನೆ ಬೇಕು ಅನ್ನುವ ಮಾತು ಹಲ್ಲಿನ ತನಕ ಬಂತು. ಹೇಳಲು ನಾಚಿಕೆಯಾಯಿತು.

ಕೊಟ್ರೇಶಪ್ಪ ಓಣಿಯ ತಿರುವನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಸೋಮವಾರ ಬಂದು ಹೇಳ್ತೀವಪ್ಪ ರಿಯಾಜ್. ಅಲ್ಲೀತನ ಯಾರಿಗೂ ಕೊಡಬ್ಯಾಡ" ಅಂದ.

"ಇಬ್ರೇನಾ ಇರೋದು? ಮಗ, ಸೊಸಿ?" ಅಂದ ರಿಯಾಜ್.

"ಅವ್ರು ಊರಾಗ ಇರ್ತಾರೆ."

ರಿಯಾಜ್ ಮುಖ ಬಾಡಿತು. "ಆತು ಬಿಡ್ರಿ. ಈಗಿನ ಮಕ್ಳು..." ಅಂತ ನಿಟ್ಟುಸಿರುಬಿಟ್ಟು, ಬೇಡ ಬೇಡ ಅಂದರೂ ಎರಡು ಮಿರ್ಚಿ ಹೆಚ್ಚಿಗೆ ಕಟ್ಟಿಕೊಟ್ಟ. ತಪ್ಪು ತಿಳಿಯುವ ಕಾರ್ಯಕ್ರಮ ಅಲ್ಲಿಂದಲೇ ಶುರುವಾಯಿತು ನೋಡಿ.

ರಾತ್ರಿ ಊಟಕ್ಕೆ ಕೂತಾಗ ಕೊಟ್ರೇಶಪ್ಪ ವಿಷಯ ಹೇಳಿದ. ಹೇಳುವುದನ್ನಾದರೂ ನೆಟ್ಟಗೆ ಹೇಳಿದನೇ? "ನಾನು, ಬಕ್ಕೇಶನ ಅವ್ವ, ದಾವಣಗೆರ್ಯಾಗ ಮನಿ ಮಾಡ್ಬೇಕಂತ ಮಾಡೀವಿ" ಅಂದು, ಮಜ್ಜಿಗೆ ಕುಡಿದು, ಕೈ ತೊಳೆಯಲು ಎದ್ದುಹೋದ. ಬಕ್ಕೇಶ ಹೆಂಡತಿ ಮುಖ ನೋಡಿದ. ಅಂಕಿತಾ ಅತ್ತೆ ಮುಖ ನೋಡಿದಳು, ಅವಳ ಕಣ್ಣು ತುಂಬಿದವು.

"ನಾನೇನ್ ಮಾಡ್ದೆ ಅತ್ತಿ? ಮೊನ್ನೆ ಸಾರಿಗೆ ಉಪ್ಪು ಜಾಸ್ತಿ ಆತು ಅಂದಿದ್ದಕ್ಕ ಬ್ಯಾಸರ ಆತಾ?"

"ಅಯ್ಯ ನನ್ನವ್ವ, ಉಪ್ಪಿಗೆ ಯಾರು ಮನಿ ಬಿಡ್ತಾರೆ? ನಿಂದೇನೂ ಇಲ್ಲ."

"ಮತ್ಯಾಕ?"

ಶಾಂತಕುಮಾರಿ ಬಾಯಿ ತೆರೆದಳು, ಮುಚ್ಚಿದಳು. ಅದೇ ಸಾಕಾಯಿತು. ಏನೂ ಇಲ್ಲ ಅಂದು ಬಾಯಿ ಮುಚ್ಚಿದರೆ ಇರುವುದು ದೊಡ್ಡದೇ ಅಂತ ಸೊಸೆಯಂದಿರಿಗೆ ಗೊತ್ತು.

ಮರುದಿನ ಸುದ್ದಿ ಹಾಲಿನವನ ಜೊತೆ ಊರು ಸುತ್ತಿತು. ಮಧ್ಯಾಹ್ನಕ್ಕೆ ಹಿಟ್ಟಿನ ಗಿರಣಿಯಲ್ಲಿ ಅಂಕಿತಾ ಅತ್ತೆಗೆ ಊಟವನ್ನೇ ಹಾಕುತ್ತಿಲ್ಲ ಅಂತಾಯಿತು. ಸಂಜೆಗೆ ಬಕ್ಕೇಶ ಅಪ್ಪನ ಮೇಲೆ ಕೈ ಮಾಡಿದ ಅಂತಲೂ ಆಯಿತು. ಪಾಪ, ಆ ಹುಡುಗ ಅಂಗಡಿಯಲ್ಲಿ ತಲೆ ಎತ್ತಿ ಸಕ್ಕರೆ ತೂಗುವ ಹಾಗಿರಲಿಲ್ಲ.

ಸೋಮವಾರ ಬೆಳಗ್ಗೆ ಗುತ್ತೂರಿನಿಂದ ಅಜ್ಜಪ್ಪ ಬಂದರು. ಅಜ್ಜಪ್ಪ ಅಂದರೆ ಉಚ್ಚೆಂಗೆಮ್ಮನ ತಮ್ಮ, ಕೊಟ್ರೇಶಪ್ಪನ ಸೋದರಮಾವ. ಯಾರ ಮನೆಯಲ್ಲಿ ಬಿರುಕು ಬಿಟ್ಟರೂ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ರಾಜಿ ಮಾಡಿಸಲು ಬರುವ ಮನುಷ್ಯ. ರಾಜಿ ಆಗುವ ತನಕ ಹಣ್ಣಿಗೆ ಯಾರೂ ಕೈ ಹಚ್ಚುವಂತಿಲ್ಲ. ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಒಂದು ಕಡೆ ಉಚ್ಚೆಂಗೆಮ್ಮ ಗೋಡೆಗೆ ಒರಗಿ ಕೂತರು. ಅಕ್ಕಪಕ್ಕದ ಮನೆಯವರು ಮಾತಾಡಿಸುವ ನೆಪದಲ್ಲಿ ಬಂದು ಕಟ್ಟೆ ತುಂಬಿದರು.

"ಏನು ಕಡಿಮಿ ಆತವ್ವ ನಿನಗ ಈ ಮನ್ಯಾಗ?" ಅಂತ ಅಜ್ಜಪ್ಪ ಶಾಂತಕುಮಾರಿಯನ್ನೇ ಕೇಳಿದರು. "ಹೇಳು. ಸೊಸಿ ಮಾತಾಡಿದ್ಲಾ? ಮಗ ಆಡಿದ್ನಾ? ನಮ್ಮಕ್ಕ ಏನಾರ ಅಂದ್ಲಾ?"

"ಯಾರೂ ಏನೂ ಅಂದಿಲ್ರಿ ಮಾವ."

"ಅಂದಿಲ್ಲಾಂದ್ರ ಯಾಕ ಹೊಂಟ್ರಿ? ಕಾರಣ ಬೇಕಲ್ಲ?"

ಆಕೆ ಗಂಡನ ಕಡೆ ನೋಡಿದಳು. ಕೊಟ್ರೇಶಪ್ಪ ಕಂಬಳಿಯ ನೂಲು ಕೀಳುತ್ತಿದ್ದ. ಕಡೆಗೆ, "ಮೊಣಕಾಲು ನೋವ್ರಿ ಇಕೀಗೆ. ಅಲ್ಲಿ ಡಾಕ್ಟ್ರು ಹತ್ರ..." ಅಂದ.

ಶಾಂತಕುಮಾರಿಗೆ ಪಿಚ್ಚೆಂದಿತು. ಮೊಣಕಾಲಂತೆ! ನಿನ್ನೆ ಸಂಜೆ ತಾನೇ ಗದ್ದೆಯ ತನಕ ನಡೆದು ಹೋಗಿ ಬಂದಿದ್ದಳು. ಇಕೀಗೆ ಅಂತೆ! ಇಷ್ಟು ಹೇಳುವಾಗಲೂ ಹೆಸರಿಲ್ಲ.

"ಅಷ್ಟೇ ಏನಪ್ಪಾ?" ಅಂತ ಬಕ್ಕೇಶನ ಮುಖ ಅರಳಿತು. "ವಾರಕ್ಕೊಮ್ಮೆ ನಾನೇ ಕಾರಿನಾಗ ಕರ್ಕೊಂಡ್ ಹೋಗ್ತೀನಿ. ಅದಕ್ಯಾಕ ಮನಿ?"

"ಹಾಂ! ಮುಗೀತಲ್ಲ!" ಅಂದರು ಅಜ್ಜಪ್ಪ. "ಆ ಫ್ಲ್ಯಾಟು ಗೀಟು ಬ್ಯಾಡ. ಆ ಸಾಬ್ರ ಹುಡುಗನಿಗೆ ಫೋನ್ ಮಾಡಿ ಬ್ಯಾಡಂತ ಹೇಳಿಬಿಡು ಕೊಟ್ರೇಶ. ಹಣ್ಣು ತಗೊಳ್ರಿ ಎಲ್ರೂ."

ಕಟ್ಟೆ ಮೇಲಿನವರಿಗೆ ಇಷ್ಟು ಬೇಗ ಮುಗಿದಿದ್ದು ಅಷ್ಟು ಹಿಡಿಸಲಿಲ್ಲ. ಶಾಂತಕುಮಾರಿ ಎದ್ದು ಟೀ ಮಾಡಲು ಒಳಗೆ ಹೋದಳು. ನೀರಿಟ್ಟಳು, ಸಕ್ಕರೆ ಹಾಕಿದಳು. ಅಳು ಬರಲಿಲ್ಲ. ಇಷ್ಟು ವರ್ಷ ನಡೆದಂತೆ ಇನ್ನುಳಿದಿದ್ದೂ ನಡೆಯುತ್ತದೆ, ಈ ವಯಸ್ಸಿನಲ್ಲಿ ತನಗೂ ಇದೇನು ಹುಚ್ಚು ಅಂದುಕೊಂಡಳು. ಆ ಬಾಲ್ಕನಿಯಲ್ಲಿ ಇನ್ಯಾರೋ ಬಟ್ಟೆ ಒಣಗಲು ಹಾಕುತ್ತಾರೆ. ಹಾಕಲಿ. ಪಕ್ಕದಲ್ಲಿ ಅಂಕಿತಾ ಕಪ್ಪು ತೊಳೆಯುತ್ತಿದ್ದಳು.

ಪಡಸಾಲೆಯಿಂದ ಯಾರೋ ಯಾರನ್ನೋ ಕರೆದರು. ಮತ್ತೆ ಕರೆದರು. ಶಾಂತಕುಮಾರಿ ಹಾಲು ಉಕ್ಕದ ಹಾಗೆ ಗ್ಯಾಸು ಸಣ್ಣ ಮಾಡಿದಳು.

"ಅತ್ತಿ" ಅಂದಳು ಅಂಕಿತಾ ಮೆಲ್ಲಗೆ. "ಮಾವ ನಿಮ್ನ ಕರೀತಿದಾರೆ."

"ನನ್ನಾ?"

"ಶಾಂತಾ..." ಅಂತ ಮೂರನೇ ಸಲ ಬಂತು. ಅದೇ ಎಳೆತ, ಕೊನೆಯಲ್ಲಿ ಅದೇ ಏರು. ಸ್ವಲ್ಪ ಒಡೆದ ಗಂಟಲು, ಅಷ್ಟೇ ವ್ಯತ್ಯಾಸ. ಶಾಂತಕುಮಾರಿ ಕೈ ಒರೆಸಿಕೊಳ್ಳುವುದನ್ನೂ ಮರೆತು ಅಡುಗೆಮನೆಯ ಬಾಗಿಲಿಗೆ ಬಂದಳು.

ಅಜ್ಜಪ್ಪನವರ ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಹಾಗೇ ಇತ್ತು. ಕೊಟ್ರೇಶಪ್ಪ ಪಡಸಾಲೆಯ ನಡುವೆ ಎದ್ದು ನಿಂತಿದ್ದ.

"ಯಾವಾಕಿನೋ ಶಾಂತಾ?" ಅಂದರು ಉಚ್ಚೆಂಗೆಮ್ಮ. ಕೊಂಕಿನಿಂದಲ್ಲ, ನಿಜವಾಗಲೂ ನೆನಪಾಗದೆ ಕೇಳಿದರು. "ಯಾರನ್ನ ಕರ್ಯಾಕ ಹತ್ತೀಯ?"

"ನನ್ನ ಹೆಂಡ್ತಿ, ಅವ್ವ. ಅಕೀ ಹೆಸ್ರು ಶಾಂತಾ." ಅಂದ ಕೊಟ್ರೇಶಪ್ಪ. "ಮೊಣಕಾಲು ನೋವು ಅಂದಿದ್ದು ಸುಳ್ಳು. ಆ ಓಣ್ಯಾಗ ಇದ್ದಾಗ ನಾನು ಇಕೀನ ಹಿಂಗ ಹೆಸರು ಹಿಡಿದು ಕರೀತಿದ್ದೆ. ಇಲ್ಲಿಗೆ ಬಂದ್ಮ್ಯಾಲೆ ಕರೀಲಿಲ್ಲ. ಇನ್ನ ಇರೋಷ್ಟು ದಿನ ಕರೀಬೇಕು ಅನ್ಸೇತಿ. ಅಷ್ಟಕ್ಕೇ ಹೊಂಟೀವಿ. ಇದಕ್ಕ ಕಾರಣ ಅಂತೀರೋ, ಹುಚ್ಚು ಅಂತೀರೋ, ನಿಮಗ ಬಿಟ್ಟಿದ್ದು."

ಹಾಗಾದರೆ ಅವನಿಗೂ ಗೊತ್ತಿತ್ತು! ಬಾಲ್ಕನಿಯಲ್ಲಿ ಆಕೆ ನುಂಗಿಕೊಂಡಿದ್ದನ್ನು ಅವನು ಅಲ್ಲೇ ಕೇಳಿಸಿಕೊಂಡಿದ್ದ. ಶಾಂತಕುಮಾರಿಗೆ ಆಗ ಅಳು ಬಂತು, ಅಷ್ಟು ಜನರ ಮುಂದೆ, ತಡೆಯಲಾಗದಂತೆ. ಕಟ್ಟೆ ಮೇಲೆ ಯಾರೋ ಕಿಸಕ್ಕೆಂದರು. ಬಕ್ಕೇಶ ಎದ್ದು ಹೋಗಿ ಬೀದಿ ಬಾಗಿಲು ಹಾಕಿಕೊಂಡು ಬಂದ.

ಎಲ್ಲರೂ ಉಚ್ಚೆಂಗೆಮ್ಮನ ಬಾಯಿ ನೋಡುತ್ತಿದ್ದರು. ಮುದುಕಿ ಮಡಿಲಲ್ಲಿದ್ದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ನಿಮ್ಮಪ್ಪ ನನ್ನ ಒಂದ್ ಸಲಾನೂ ಹೆಸರು ಹಿಡಿದು ಕರೀಲಿಲ್ಲ" ಅಂದರು ಕಡೆಗೆ. "ಏಯ್ ಅಂತಿದ್ದ. ಪ್ರಾಣ ಬಿಡೋವಾಗ್ಲೂ ಏಯ್, ನೀರು ಅಂದ. ನಾನೂ ಹೂಂ ಅಂದೆ." ಆಮೇಲೆ ಎಂದಿನ ಜೋರು ಧ್ವನಿ ಬಂತು. "ಇನ್ನೇನ್ ಕೂತ್ಕೊಂಡ್ರಿ? ಹೊಂಡ್ರಿ. ಹನ್ನೊಂದರ ಬಸ್ಸು ಹೋದ್ರ ಮಧ್ಯಾಹ್ನದತನ ಬಸ್ಸಿಲ್ಲ. ಏ ಅಜ್ಜಪ್ಪ, ಆ ಹಣ್ಣು ಇವರಿಗೆ ಕಟ್ಟಿಕೊಡು."

ದಾವಣಗೆರೆಗೆ ಬಸ್ಸು ಬದಲಿಸಬೇಕಾದ ಹರಿಹರದ ಬಸ್ ಸ್ಟ್ಯಾಂಡು ಆವತ್ತು ಜಾತ್ರೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಸೀಟು ಹಿಡಿಯುವುದು ಅಂದರೆ ಯುದ್ಧ. ದಾವಣಗೆರೆ ಬಸ್ಸು ಇನ್ನೂ ನಿಲ್ಲುವ ಮೊದಲೇ ಕೊಟ್ರೇಶಪ್ಪ ಟವಲ್ಲು ಕೈಯಲ್ಲಿ ಹಿಡಿದು ನುಗ್ಗಿದ. ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಲ್ಲ, ಶಾಂತಕುಮಾರಿ ಪಕ್ಕದ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಹಾಲು ತಗೊಂಡಳು. ಚಿಲ್ಲರೆ ಇಸಗೊಂಡು ತಿರುಗುವಷ್ಟರಲ್ಲಿ ಮೂರು ಬಸ್ಸು ಅಡ್ಡ ನಿಂತಿದ್ದವು. ಯಾವುದು ತನ್ನದು, ಗಂಡ ಯಾವುದಕ್ಕೆ ಹತ್ತಿದ, ಒಂದೂ ತಿಳಿಯಲಿಲ್ಲ. ಕಂಡಕ್ಟರುಗಳ ಕೂಗು, ಹಾರ್ನು, ಕಡಲೆಕಾಯಿ ಮಾರುವವರ ಗದ್ದಲ.

"ಶಾಂತಾ..."

ನಡುವಿನ ಬಸ್ಸಿನ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಟವಲ್ಲು ಬೀಸುತ್ತಾ, ಊರಿನ ಸೊಸೈಟಿ ಡೈರೆಕ್ಟರು ಇಡೀ ಹರಿಹರಕ್ಕೆ ಕೇಳುವಂತೆ ಕೂಗುತ್ತಿದ್ದ. ಕಾಲೇಜು ಹುಡುಗಿಯರು ನಕ್ಕರು. ತರಕಾರಿ ಬುಟ್ಟಿ ಹೊತ್ತ ಇನ್ನೊಬ್ಬಳು, ಅವಳ ಹೆಸರೂ ಶಾಂತಾ ಇರಬೇಕು, ಗಕ್ಕನೆ ನಿಂತು ಹಿಂದೆ ನೋಡಿದಳು.

"ನಿಂಗಲ್ಲವ್ವ, ನಂಗೆ" ಅಂದಳು ಶಾಂತಕುಮಾರಿ. ಹಾಲಿನ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡು, "ಬಂದೆ, ಬಂದೆ, ಕೂಗಬ್ಯಾಡ್ರಿ" ಅಂತ ಬಸ್ಸಿನ ಕಡೆ ಓಡಿದಳು.